ಕೆರೆಗಳ ವಿಷಯವಾದ ಪಾಠ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳಲ್ಲಿ ಕೆರೆಯನ್ನು ಕಾಣದವರು ಯಾರೂ ಇರಲಾರರು. ದನಗಳಿಗೆ ನೀರು ಕುಡಿಸುವದಕ್ಕೂ ಬಟ್ಟೆ ಒಗೆಯುವದಕ್ಕೂ ನಾವು ಅದರ ದಂಡೆಗೆ ಹೋಗುತ್ತೇವೆ. ಎಷ್ಟೋ ಊರುಗಳಲ್ಲಿ ಕುಡಿಯುವ ನೀರೂ ಅದರದೇ. ಆದರೆ ಆ ನೀರು ಎಲ್ಲಿಂದ ಬಂತು, ಬೇಸಿಗೆಯಲ್ಲಿ ಎಲ್ಲಿಗೆ ಹೋಯಿತು, ಕೆರೆಯ ನೀರು ಸಿಹಿಯಾಗಿದ್ದು ಅದರ ಸಮೀಪದ ಬಾವಿಯ ನೀರು ಸವಳಾಗಿರುವದು ಯಾಕೆ ಎಂದು ಒಬ್ಬ ಹುಡುಗನು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡುವರು? ಆದದರಿಂದ ಈ ಸಾರಿ ನಾವು ಕೆರೆಗಳ ವಿಷಯವಾಗಿ ಸ್ವಲ್ಪ ವಿಚಾರಿಸೋಣ. ಈ ಪಾಠದ ಸಾರವನ್ನು ಮೊದಲೇ ಹೇಳುವೆವು. ಅದೇನಂದರೆ, ಕೆರೆಯು ನೀರು ತುಂಬಿ ಮುಚ್ಚಿಟ್ಟ ಕೊಡವಲ್ಲ. ಅದಕ್ಕೆ ನೀರು ಬರುವ ದಾರಿಯೊಂದು, ಹೋಗುವ ದಾರಿಯೊಂದು ಉಂಟು. ಈ ಎರಡರಲ್ಲಿ ಯಾವದು ಕೆಟ್ಟರೂ ಕೆರೆ ಕೆಡುವದು. ಕೆರೆಯೊಡನೆ ಊರೂ ಕಷ್ಟಕ್ಕೆ ಬೀಳುವದು.

1. ಸರೋವರಗಳು ಹ್ಯಾಗೆ ಉಂಟಾಗುತ್ತವೆ?

ಎಲ್ಲಿ ತಗ್ಗು ಇದ್ದು, ಆ ತಗ್ಗಿಗೆ ನೀರು ಹರಿದು ಬಂದು, ತಳದ ನೆಲವು ಆ ನೀರನ್ನು ಹಿಡಿದುಕೊಳ್ಳುವದೋ ಅಲ್ಲಿ ಸರೋವರ ಉಂಟಾಗುವದು. ತಗ್ಗು ಆಗುವ ಬಗೆಗಳು ಅನೇಕ. ಶೀತದೇಶಗಳಲ್ಲಿ ಹಿಮದ ಮಹಾರಾಶಿಗಳು ಬೆಟ್ಟಗಳಿಂದ ಮೆಲ್ಲಗೆ ಜಾರುತ್ತಾ ಕೆಳಗಿನ ನೆಲವನ್ನು ಉಜ್ಜಿ ಕೊರೆದವು. ಸ್ವಿಟ್ಜರ್ಲೆಂಡ್ ದೇಶದ ಅಂಚಿನಲ್ಲಿರುವ ಜಿನೀವಾ ಸರೋವರವು ಹೀಗೆ ಆದದ್ದು. ಅದರ ಆಳ ಕೆಲವು ಕಡೆ ಸುಮಾರು 310 ಮೀಟರ್. ಸುಮಾತ್ರ ದ್ವೀಪದ ತೋಬಾ ಸರೋವರವು ಜ್ವಾಲಾಮುಖಿ ಪರ್ವತವು ಸಿಡಿದು ಕುಸಿದ ತಗ್ಗಿನಲ್ಲಿ ನಿಂತದೆ. ನಮ್ಮ ನೆರೆಯ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರದಲ್ಲಿ ಆಕಾಶದಿಂದ ಬಿದ್ದ ಉಲ್ಕೆಯ ಪೆಟ್ಟಿಗೆ ಕರೀ ಕಲ್ಲು ಒಡೆದು ದುಂಡಗಾದ ತಗ್ಗು ಆಗಿ, ಅದರಲ್ಲಿ ನೀರು ನಿಂತು ಸರೋವರವಾಯಿತು. ಇನ್ನು ಕೆಲವು ಕಡೆ ಭೂಮಿಯ ತೊಗಟೆಯೇ ಸೀಳಿ ನಡುವಿನ ನೆಲವು ಕೆಳಗೆ ಇಳಿದಿದೆ. ನಾವು ವೇದದಲ್ಲಿ ಓದುವ ಗಲಿಲಾಯ ಸಮುದ್ರವೂ ಲವಣಸಮುದ್ರವೂ ಇಂಥ ಒಂದೇ ಸೀಳಿನಲ್ಲಿ ಇವೆ. ಹೆಸರಿಗೆ ಸಮುದ್ರಗಳಾದರೂ ಅವು ಸರೋವರಗಳೇ.

ಈ ಎರಡನ್ನು ಸ್ವಲ್ಪ ಹೋಲಿಸಿ ನೋಡಬೇಕು. ಗಲಿಲಾಯ ಸಮುದ್ರವು ಮಹಾಸಮುದ್ರದ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಉತ್ತರದಿಂದ ಯೊರ್ದನ್ ಹೊಳೆ ಅದರೊಳಗೆ ಬರುವದು. ಆ ಹೊಳೆಗೆ ದಕ್ಷಿಣದಲ್ಲಿ ಹೊರಗೆ ಹೋಗುವ ದಾರಿಯೂ ಉಂಟು. ಆದದರಿಂದ ಅದರ ನೀರು ಸಿಹಿ. ಅದರಲ್ಲಿ ಮೀನುಗಳು ಸಮೃದ್ಧಿಯಾಗಿವೆ. ಅದೇ ಯೊರ್ದನ್ ಮುಂದಕ್ಕೆ ಹರಿದು ಲವಣಸಮುದ್ರಕ್ಕೆ ಬೀಳುವದು. ಲವಣಸಮುದ್ರವು ಮಹಾಸಮುದ್ರದ ಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗೆ ಇರುವದರಿಂದ ಅಲ್ಲಿಂದ ನೀರು ಹೊರಗೆ ಹರಿಯುವದಕ್ಕೆ ದಾರಿಯೇ ಇಲ್ಲ. ನೀರು ಬಿಸಿಲಿಗೆ ಆವಿಯಾಗಿ ಮಾತ್ರ ಹೋಗುವದು. ಆವಿಯು ಉಪ್ಪನ್ನು ಎತ್ತಿಕೊಂಡು ಹೋಗುವದಿಲ್ಲ. ಹೀಗೆ ಸಾವಿರಾರು ವರ್ಷಗಳಿಂದ ಉಪ್ಪು ಉಳಿಯುತ್ತಾ ಬಂದು, ಅದರ ನೀರು ಮಹಾಸಮುದ್ರದ ನೀರಿಗಿಂತ ಒಂಬತ್ತು ಹತ್ತು ಪಟ್ಟು ಉಪ್ಪಾಗಿದೆ. ಮೀನು ಅದರಲ್ಲಿ ಬದುಕದು. ಬರುವ ಹೊಳೆ ಒಂದೇ. ಆದರೆ ಹೋಗುವ ದಾರಿ ಇದ್ದದ್ದು ಸಿಹಿಯಾಯಿತು, ಇಲ್ಲದ್ದು ಸವಳಾಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ. ಕೆಳಗೆ ನರಗುಂದದ ವಿಷಯ ಬರುವಾಗ ಇದು ಬೇಕಾಗುವದು.

2. ನಮ್ಮ ಸೀಮೆಯ ಕೆರೆಗಳು

ನಮ್ಮ ಮೂರು ತಾಲೂಕುಗಳಲ್ಲಿ ಹಿಮರಾಶಿಯಾಗಲಿ ಜ್ವಾಲಾಮುಖಿಯಾಗಲಿ ಇಲ್ಲ. ಇಲ್ಲಿನ ಕೆರೆಗಳು ಮನುಷ್ಯರ ಕೈಕೆಲಸ. ಹಿರಿಯರು ಎರಡು ದಿಬ್ಬಗಳ ನಡುವೆ ಹಳ್ಳವು ಹರಿಯುವ ಸ್ಥಳವನ್ನು ಆರಿಸಿಕೊಂಡು, ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿ, ನೀರಿನ ಕಡೆಗೆ ಕಲ್ಲು ಹೊದಿಸಿ, ಬೇಕಾದಾಗ ನೀರು ಬಿಡುವದಕ್ಕೆ ತೂಬನ್ನೂ ಹೆಚ್ಚಾದ ನೀರು ಹೋಗುವದಕ್ಕೆ ಕೋಡಿಯನ್ನೂ ಮಾಡಿದರು. ಒಡ್ಡು ಎಷ್ಟು ಗಟ್ಟಿಯಾಗಿದ್ದರೂ ಮಣ್ಣಿನ ಒಡ್ಡಿನ ಮೇಲೆ ನೀರು ಹತ್ತಿ ಹರಿದರೆ ಅದು ಕೊಚ್ಚಿ ಹೋಗುವದು. ಆದಕಾರಣ ಕೋಡಿಯು ಒಡ್ಡಿಗಿಂತ ತಗ್ಗಾಗಿರತಕ್ಕದ್ದು. ಕೋಡಿಯನ್ನು ಮುಚ್ಚಿ ಹೆಚ್ಚು ನೀರು ನಿಲ್ಲಿಸುವೆನೆಂಬವನು ಇದ್ದ ನೀರನ್ನೂ ಕಳಕೊಳ್ಳುವನು.

ಕೆರೆ ಬೇರೆ, ಹೊಂಡ ಬೇರೆ. ಗಜೇಂದ್ರಗಡ ತಾಲೂಕಿನ ಸೂಡಿಯಲ್ಲಿ ಚಾಲುಕ್ಯರ ಕಾಲದ, ಅಂದರೆ 11ನೇ ಶತಮಾನದ, ನಾಗಕುಂಡವೆಂಬ ಕಲ್ಲುಕಟ್ಟಡದ ಮೆಟ್ಟಿಲುಗಳ ಹೊಂಡವಿದೆ. ಕೆರೆಯು ನೆಲದ ಮೇಲೆ ಹರಿದು ಬರುವ ನೀರನ್ನು ಹಿಡಿಯುವದು. ಇಂಥ ಹೊಂಡಗಳಿಗೆ ನೆಲದೊಳಗಿನ ಒರತೆಯೇ ಆಧಾರ. ಗಜೇಂದ್ರಗಡದ ಸಮೀಪದ ಕಾಲಕಾಲೇಶ್ವರ ಬೆಟ್ಟದಲ್ಲಿ ಅಂತರಗಂಗೆ ಎಂಬ ಒರತೆ ಉಂಟು. ಮರದ ಬೇರಿನ ಸಂದಿನಿಂದ ವರ್ಷವೆಲ್ಲಾ ನೀರು ಬಂದು ಹೊಂಡಕ್ಕೆ ಬೀಳುವದನ್ನು ನೋಡಿ ಜನರು ಆಶ್ಚರ್ಯಪಡುತ್ತಾರೆ. ಬೇಸಿಗೆಯಲ್ಲಿ ಸಹ ಆ ನೀರು ಎಲ್ಲಿಂದ? ಅಲ್ಲಿನ ಬೆಟ್ಟಗಳು ಬಾದಾಮಿಯ ಬೆಟ್ಟಗಳ ಹಾಗೆ ಮರಳುಗಲ್ಲಿನವು. ಮಳೆಯ ನೀರು ಆ ಕಲ್ಲಿನ ಬಿರುಕುಗಳಲ್ಲಿಯೂ ಸಣ್ಣ ರಂಧ್ರಗಳಲ್ಲಿಯೂ ಇಳಿದು, ತಿಂಗಳುಗಟ್ಟಲೆ ಮೆಲ್ಲಗೆ ಸಾಗಿ, ಬೆಟ್ಟದ ಬದಿಯಲ್ಲಿ ಬಾಯಿ ಸಿಕ್ಕಿದಲ್ಲಿ ಹೊರಗೆ ಬರುವದು. ಹೀಗೆ ಬೆಟ್ಟವೇ ಒಂದು ಕೆರೆಯ ಕೆಲಸ ಮಾಡುವದು. ನಮ್ಮ ಕಣ್ಣಿಗೆ ಕಾಣದು, ಅಷ್ಟೇ.

3. ಬರುವ ದಾರಿ

ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಎರಡು ಅಡಿ. ಆದರೆ ತೆರೆದ ನೀರಿನ ಮೇಲೆ ಬಿಸಿಲೂ ಗಾಳಿಯೂ ಒಂದು ವರ್ಷದಲ್ಲಿ ಐದಾರು ಅಡಿಯಷ್ಟು ನೀರನ್ನು ಆವಿ ಮಾಡಬಲ್ಲವು. ಎರಡಡಿ ಬರುವ ಸ್ಥಳದಲ್ಲಿ ಐದಾರು ಅಡಿ ಹೋಗುವದಾದರೆ ಕೆರೆ ಬದುಕುವದು ಹ್ಯಾಗೆ? ತನ್ನ ಮೇಲೆ ಬಿದ್ದ ಮಳೆಯಿಂದ ಅಲ್ಲ, ತನ್ನ ಸುತ್ತಲಿನ ಭೂಮಿಯ ಮೇಲೆ ಬಿದ್ದು ಹರಿದು ಬಂದ ಮಳೆಯಿಂದಲೇ. ಲೆಕ್ಕ ಮಾಡಿ ನೋಡೋಣ. ಬಿದ್ದ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಹರಿದು ಬರುವದೆಂದು ಇಟ್ಟುಕೊಂಡರೆ, ಒಂದು ಎಕರೆ ಭೂಮಿಯಿಂದ ಅಡಿಯ ಐದನೇ ಒಂದು ಪಾಲು ನೀರು ದೊರೆಯುವದು. ಒಂದು ಎಕರೆ ಅಗಲದ ಕೆರೆಯನ್ನು ಹತ್ತು ಅಡಿ ತುಂಬಿಸಬೇಕಾದರೆ 50 ಎಕರೆ ಭೂಮಿಯ ನೀರು ಬೇಕು. ಹೀಗಿರಲಾಗಿ, ಕೆರೆ ಎಂದರೆ ಒಡ್ಡಿನ ಒಳಗಿನ ತಗ್ಗು ಮಾತ್ರವಲ್ಲ. ಅದಕ್ಕೆ ನೀರು ಕೊಡುವ ದಿಬ್ಬ, ಹುಲ್ಲುಗಾವಲು, ಹೊಲ, ಹಳ್ಳ ಇವೆಲ್ಲವೂ ಕೆರೆಯೇ. ಮೇಲಿನ ಹಳ್ಳವನ್ನು ಮುಚ್ಚಿ ಹೊಲ ಮಾಡಿಕೊಂಡವನು ಕೆರೆಯ ಬಾಯಿಯನ್ನು ಕಟ್ಟಿದ ಹಾಗಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆವು. ಕೆರೆಗೆ ಹಾರ ಎಂಬ ಜನಪದ ಹಾಡನ್ನು ನಮ್ಮಲ್ಲಿ ಅನೇಕರು ತಾಯಂದಿರ ಬಾಯಿಂದ ಕೇಳಿದ್ದಾರೆ. ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ಒಂದು ಹನಿ ನೀರೂ ಬಾರದೆ ಇರಲಾಗಿ, ಕಿರೀ ಸೊಸೆಯಾದ ಭಾಗೀರಥಿಯನ್ನು ಬಲಿಕೊಟ್ಟರೆಂಬದು ಅದರ ಕಥೆ. ಅದನ್ನು ಕೇಳಿ ಅಳದವರು ಕಡಿಮೆ. ಆದರೆ ಕಟ್ಟಿದ ಕೆರೆಗೆ ನೀರು ಬಾರದ್ದಕ್ಕೆ ಕಾರಣವು ಎಂದಿಗೂ ಒಂದು ಹೆಣ್ಣುಮಗಳ ಪ್ರಾಣದಲ್ಲಿ ಇರಲಿಲ್ಲ. ಮೇಲಿನ ಭೂಮಿ ಸಾಲದೆ ಇದ್ದೀತು, ಹಳ್ಳವು ಬೇರೆ ಕಡೆಗೆ ತಿರುಗಿದ್ದೀತು, ತಳದ ಕಲ್ಲು ಬಿರಿದು ನೀರು ಇಂಗಿದ್ದೀತು, ಇಲ್ಲವೆ ಮಳೆಯೇ ತಪ್ಪಿದ್ದೀತು. ಕಾರಣವನ್ನು ನೆಲದಲ್ಲಿ ಹುಡುಕಿದ್ದರೆ ಆ ಸೊಸೆ ಬದುಕುತ್ತಿದ್ದಳು. ತಿಳುವಳಿಕೆ ಇಲ್ಲದ ಭಯವು ಎಂಥ ಕೆಲಸ ಮಾಡಿಸುವದೆಂಬದಕ್ಕೆ ಆ ಹಾಡು ಒಂದು ಸಾಕ್ಷಿ.

ನೆಲದ ಗುಣವನ್ನೂ ಅರಿಯಬೇಕು. ರೋಣ ನರಗುಂದಗಳ ಬಯಲು ಬಹುಮಟ್ಟಿಗೆ ಎರೆಭೂಮಿ. ಎರೆಮಣ್ಣು ಒಣಗಿದಾಗ ಕೈ ಹೋಗುವಷ್ಟು ಬಿರಿಯುವದು. ನೆನೆದಾಗ ಉಬ್ಬಿ ಬಿರುಕು ಮುಚ್ಚುವದು. ಆದದರಿಂದ ಮುಂಗಾರಿನ ಮೊದಲಿನ ಮಳೆಗಳನ್ನು ಬಿರುಕುಗಳೇ ಕುಡಿಯುತ್ತವೆ. ಕೆರೆಗೆ ನೀರು ಬಾರದು. ಬಿರುಕು ಮುಚ್ಚಿದ ಮೇಲೆ ಬೀಳುವ ದೊಡ್ಡ ಮಳೆಯು ಇಂಗದೆ ಹರಿಯುವದು; ಹರಿಯುವಾಗ ಮಣ್ಣನ್ನೂ ಎತ್ತಿಕೊಂಡು ಬರುವದು. ಆ ಮಣ್ಣು ಕೆರೆಯಲ್ಲಿ ಕೂತು ಹೂಳಾಗುವದು. ಹತ್ತು ಎಕರೆಯ ಕೆರೆಯಲ್ಲಿ ಒಂದೇ ಅಂಗುಲ ಹೂಳು ಬಿದ್ದರೆ ಅದು 36,300 ಘನ ಅಡಿ ಮಣ್ಣು. ಒಂದು ಚಕ್ಕಡಿಗೆ 25 ಘನ ಅಡಿ ಹಿಡಿಯುವದೆಂದರೂ 1,452 ಚಕ್ಕಡಿಗಳಾಗುವವು. ಎಲ್ಲಾ ಸರೋವರಗಳೂ ಹೀಗೆಯೇ ಮೆಲ್ಲಮೆಲ್ಲಗೆ ತುಂಬಿ ಕೊನೆಗೆ ನೆಲವಾಗುತ್ತವೆ. ದೊಡ್ಡ ಸರೋವರಕ್ಕೆ ಅದಕ್ಕಾಗಿ ಸಾವಿರಾರು ವರ್ಷ ಬೇಕು. ನಮ್ಮ ಕೆರೆಗೆ ಎರಡು ಮೂರು ತಲೆಮಾರು ಸಾಕು. ಹೂಳು ಕೆರೆಗೆ ಶತ್ರುವಾದರೂ ಹೊಲಕ್ಕೆ ಮಿತ್ರ. ಯಾಕಂದರೆ ಅದು ಹೊಲಗಳಿಂದಲೇ ಬಂದ ಮೇಲ್ಮಣ್ಣು. ಬೇಸಿಗೆಯಲ್ಲಿ ಅದನ್ನು ತೆಗೆದು ಮಸಾರಿ ಹೊಲಗಳಿಗೆ ಹಾಕುವವನಿಗೆ ಎರಡು ಲಾಭ.

4. ಹೋಗುವ ದಾರಿ

ನೀರು ಕೆರೆಯಿಂದ ನಾಲ್ಕು ಬಗೆಯಾಗಿ ಹೋಗುವದು: ಕೋಡಿಯ ಮೇಲೆ ಹರಿದು, ತೂಬಿನಿಂದ ಬಿಟ್ಟು, ಆವಿಯಾಗಿ, ನೆಲದೊಳಗೆ ಇಂಗಿ. ಒಳ್ಳೇ ಮಳೆಯ ವರ್ಷದಲ್ಲಿ ಕೋಡಿ ಹರಿದರೆ ಹಿಂದಿನ ವರ್ಷಗಳ ಉಪ್ಪು ತೊಳೆದು ಹೋಗಿ ಕೆರೆಯ ನೀರು ಹೊಸದಾಗುವದು. ಇಂಗಿದ ನೀರೂ ವ್ಯರ್ಥವಲ್ಲ; ಅದು ಒಡ್ಡಿನ ಕೆಳಗಿನ ಬಾವಿಗಳಲ್ಲಿ ಬರುವದು.

ಆದರೆ ಇಂಗಿದ ನೀರಿಗೂ ಮುಂದೆ ಹೋಗುವ ದಾರಿ ಬೇಕು. ಇದನ್ನು ನರಗುಂದದಲ್ಲಿ ನೋಡಬಹುದು. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟು 1972ರ ಹೊತ್ತಿಗೆ ಮುಗಿದು, ಕಾಲುವೆಯ ನೀರು ಈ ಬಯಲಿಗೆ ಬಂತು. ಬರಗಾಲದ ಸೀಮೆಗೆ ಅದು ದೊಡ್ಡ ಉಪಕಾರ; ಅನೇಕ ಊರುಗಳ ಕುಡಿಯುವ ನೀರಿನ ಕೆರೆಗಳನ್ನು ಆ ಕಾಲುವೆಯಿಂದಲೇ ತುಂಬಿಸಲಾಗುವದು. ಆದರೆ ಎರೆಮಣ್ಣಿನಲ್ಲಿ ನೀರು ಬಹು ನಿಧಾನವಾಗಿ ಬಸಿಯುವದು. ಬರುವ ನೀರು ಹೆಚ್ಚಾಗಿ, ಬಸಿದು ಹೋಗುವ ದಾರಿ ಇಲ್ಲದೆ, ನೆಲದೊಳಗಿನ ನೀರಿನ ಮಟ್ಟವು ಮೇಲಕ್ಕೆ ಏರಿತು. ಮೇಲಿನ ವರೆಗೆ ಬಂದ ನೀರು ಬಿಸಿಲಿಗೆ ಆವಿಯಾಗಲು, ಅದರಲ್ಲಿದ್ದ ಉಪ್ಪು ಹೊಲದ ಮೇಲೆ ಬೆಳ್ಳಗೆ ಉಳಿಯಿತು. ಲವಣಸಮುದ್ರದಲ್ಲಿ ಆದದ್ದೇ ಇಲ್ಲಿ ಹೊಲದಲ್ಲಿ ಆಯಿತು. ಮಲಪ್ರಭೆಯ ಕಾಲುವೆಗಳ ಕೆಳಗೆ ಸವಳು ಹಿಡಿದ ಭೂಮಿಗಳನ್ನು ನಮ್ಮ ವಾಚಕರು ಬಲ್ಲರು.

ನರಗುಂದ ಪಟ್ಟಣದಲ್ಲಿ ಇನ್ನೊಂದು ಆಪತ್ತು ಕಾಣಿಸಿಕೊಂಡಿತು. ಹಿರಿಯರು ಜೋಳವನ್ನು ಕೂಡಿಡುವದಕ್ಕೆ ಮನೆಗಳೊಳಗೂ ಅಂಗಳಗಳಲ್ಲೂ ಹಗೇವುಗಳನ್ನು ತೋಡಿದ್ದರು. ಆಗ ನೆಲವು ಒಣಗಿತ್ತು. ಕಾಳು ಕೆಡದೆ ಉಳಿಯುತ್ತಿತ್ತು. ಕಾಲಾಂತರದಲ್ಲಿ ಹಗೇವುಗಳು ಮರೆತುಹೋಗಿ ಅವುಗಳ ಮೇಲೆ ಮನೆಗಳೂ ಓಣಿಗಳೂ ಆದವು. ನೆಲದೊಳಗಿನ ನೀರು ಏರಿದ ಮೇಲೆ ಮಣ್ಣು ನೆನೆದು ಮೆತ್ತಗಾಯಿತು. 2019ರ ಸುಮಾರಿಗೂ ಅದರ ನಂತರದ ವರ್ಷಗಳಲ್ಲಿಯೂ ಅಲ್ಲಿನ ಮನೆಗಳಲ್ಲಿಯೂ ಬೀದಿಗಳಲ್ಲಿಯೂ ನೆಲವು ಇದ್ದಕ್ಕಿದ್ದ ಹಾಗೆ ಕುಸಿದು ಗುಂಡಿಗಳು ಬಿದ್ದವು. ಜನರು ತಮ್ಮ ಮನೆಯೊಳಗೆ ಕಾಲಿಡುವದಕ್ಕೂ ಅಂಜಿದರು. ನೀರಿಲ್ಲದೆ ಕಷ್ಟಪಟ್ಟ ಊರು ನೀರು ಹೆಚ್ಚಾಗಿ ಕಷ್ಟಪಟ್ಟಿತು. ಇದಕ್ಕೆ ಉಪಾಯವೇನು? ಬಸಿಗಾಲುವೆಗಳನ್ನು ತೋಡಿ ಅವುಗಳನ್ನು ಸ್ವಚ್ಛವಾಗಿಡುವದು, ಹೊಲಕ್ಕೆ ಬೇಕಾದಷ್ಟೇ ನೀರು ಬಿಡುವದು, ಹಳೇ ಹಗೇವು ಇದ್ದ ಸ್ಥಳವನ್ನು ಮುದುಕರಿಂದ ಕೇಳಿ ತಿಳಿದು ಗಟ್ಟಿಯಾಗಿ ತುಂಬಿಸುವದು.

5. ಕೆರೆಯೊಳಗಿನ ಜೀವ

ಕೆರೆಯ ನೀರು ಒಂದೇ ಸಮವಾಗಿ ಇರುವದೆಂದು ತಿಳಿಯಬಾರದು. ಬೇಸಿಗೆಯ ದಿನದಲ್ಲಿ ಈಜುವ ಹುಡುಗರಿಗೆ ಇದು ಗೊತ್ತು: ಮೇಲಿನ ನೀರು ಬೆಚ್ಚಗೆ, ಕಾಲಿನ ಕೆಳಗೆ ತಣ್ಣಗೆ. ಬೆಚ್ಚಗಿನ ನೀರು ಹಗುರವಾದದರಿಂದ ಮೇಲೆ ತೇಲುವದು. ಗಾಳಿ ಬೀಸದೆ ಇದ್ದರೆ ಕೆಳಗಿನ ನೀರಿಗೆ ಗಾಳಿಯಲ್ಲಿನ ಆಮ್ಲಜನಕವು ಮುಟ್ಟದು; ಅಲ್ಲಿ ಕೂತ ಸಗಣಿ, ಎಲೆ, ಕಸ ಇವು ಕೊಳೆಯುತ್ತಾ ಇದ್ದಷ್ಟನ್ನೂ ತೀರಿಸುತ್ತವೆ. ಒಂದು ದಿನ ಗಾಳಿಮಳೆ ಬಂದು ಮೇಲಿನ ಕೆಳಗಿನ ನೀರು ಕಲಸಿದರೆ ಮೀನುಗಳಿಗೆ ಉಸಿರು ಸಾಲದೆ ಅವು ರಾಶಿಯಾಗಿ ಸಾಯುವದುಂಟು. ಆಗ ಯಾರೋ ವಿಷ ಹಾಕಿದರೆಂದು ಜಗಳವಾಡುವ ಮೊದಲು ಇದನ್ನು ನೆನಸಬೇಕು.

ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೂ ನೀರಿನಲ್ಲಿ ಇವೆ. ನಾರುಹುಣ್ಣು ಎಂಬ ರೋಗವನ್ನು ನಮ್ಮ ಹಿರಿಯರು ಬಲ್ಲರು. ಕಾಲಿನಲ್ಲಿ ಗುಳ್ಳೆ ಎದ್ದು ಅದರಿಂದ ನೂಲಿನಂಥ ಉದ್ದವಾದ ಹುಳವು ಹೊರಬರುತ್ತಿತ್ತು. ರೋಗಿಯು ಮೆಟ್ಟಿಲುಬಾವಿಯೊಳಗೆ ಕಾಲಿಟ್ಟಾಗ ಹುಳದ ಮರಿಗಳು ನೀರಿಗೆ ಸೇರುವವು. ನೀರಿನ ಸಣ್ಣ ಕೀಟಗಳು ಅವನ್ನು ತಿನ್ನುವವು. ಆ ನೀರನ್ನು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷದಲ್ಲಿ ಹುಳವು ಬೆಳೆಯುವದು. ಇದಕ್ಕೆ ಔಷಧವಿರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದದರಿಂದಲೂ, ರೋಗಿಗಳು ನೀರಿಗೆ ಇಳಿಯದಂತೆ ತಡೆದದರಿಂದಲೂ ಅದು ಅಳಿಯಿತು. 1996ರಲ್ಲಿ ಕಡೇ ರೋಗಿ ಕಂಡು, 2000ದಲ್ಲಿ ಭಾರತವು ಆ ರೋಗದಿಂದ ಬಿಡುಗಡೆಯಾಯಿತೆಂದು ಪ್ರಕಟವಾಯಿತು. ಒಂದು ಅರಿವೆಯ ತುಂಡು ಮಾಡಿದ ಕೆಲಸ ಎಷ್ಟು ದೊಡ್ಡದು!

ಹಾಗಾದರೆ ಕೆರೆಯನ್ನು ಬಿಟ್ಟು ಆಳವಾದ ಕೊಳವೆಬಾವಿಯ ನೀರನ್ನೇ ಕುಡಿಯಬಹುದಲ್ಲಾ ಎಂದು ಕೆಲವರು ಹೇಳಾರು. ಗದಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಪದಾರ್ಥವು ಮಿತಿಗಿಂತ ಹೆಚ್ಚು ಉಂಟು. ಅದು ಕಲ್ಲಿನಿಂದ ಕರಗಿ ನೀರಿಗೆ ಸೇರುವದು, ಕುದಿಸಿದರೆ ಹೋಗದು. ಬಹು ವರ್ಷ ಕುಡಿದವರ ಹಲ್ಲುಗಳಿಗೆ ಕಲೆ ಬಿದ್ದು, ಎಲುಬುಗಳು ಬಿರುಸಾಗಿ ನೋಯುವವು. ಮಳೆಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದದರಿಂದ ಕೆರೆಯನ್ನು ಸ್ವಚ್ಛವಾಗಿಟ್ಟು, ಅದರ ನೀರನ್ನು ಸೋಸಿ ಕಾಸಿ ಕುಡಿಯುವದು ಇಂದಿಗೂ ಬುದ್ಧಿವಂತಿಕೆಯೇ.

6. ನಾವೇ ಅಳೆದು ನೋಡುವದು

ಸರೋವರಗಳ ಶಾಸ್ತ್ರಕ್ಕೆ ಅಸ್ತಿವಾರ ಹಾಕಿದವನು ಸ್ವಿಟ್ಜರ್ಲೆಂಡಿನ ಫೋರೆಲ್ ಎಂಬ ಪಂಡಿತನು (1841–1912). ಅವನು ಜಿನೀವಾ ಸರೋವರದ ದಂಡೆಯಲ್ಲಿ ಹುಟ್ಟಿ, ಅದನ್ನೇ ಆಯುಷ್ಯವೆಲ್ಲಾ ಅಳೆದು, 1892ರಿಂದ 1904ರ ವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದನು. ಪರಾತದಲ್ಲಿ ನೀರು ಹಿಡಿದು ನಡೆದರೆ ನೀರು ಹ್ಯಾಗೆ ಅತ್ತಿತ್ತ ತೂಗಾಡುವದೋ ಹಾಗೆಯೇ ದೊಡ್ಡ ಸರೋವರವೂ ಗಾಳಿಯ ಒತ್ತಡಕ್ಕೆ ಈ ದಂಡೆಯಿಂದ ಆ ದಂಡೆಗೆ ತೂಗುವದೆಂದು ಅವನು ದಿನಾಲು ಅಳೆದದ್ದರಿಂದ ತೋರಿಸಿಕೊಟ್ಟನು. ಅವನ ಮೊದಲನೇ ಸಾಧನ ತಾಳ್ಮೆ. ಅದು ನಮ್ಮಲ್ಲಿಯೂ ಇರಬಹುದು.

ನಮ್ಮ ಊರಿನ ಹುಡುಗರು ಹೀಗೆ ಮಾಡಲಿ. ಮಳೆಯಿಲ್ಲದ ದಿನಗಳಲ್ಲಿ, ತೂಬು ಮುಚ್ಚಿರುವಾಗ, ಕೆರೆಯ ಅಂಚಿನಲ್ಲಿ ಅಂಗುಲದ ಗೆರೆ ಕೊರೆದ ಗೂಟವನ್ನು ಊರಲಿ. ಅದರ ಬಳಿ ತೆಳ್ಳನೆ ನೀರಿನಲ್ಲಿ ಅಗಲವಾದ ಒಂದು ಪಾತ್ರೆಯನ್ನು ಇಟ್ಟು, ಕೆರೆಯ ನೀರು ಒಳಗೆ ಬಾರದಂತೆ ಅಂಚನ್ನು ಮೇಲೆ ಬಿಟ್ಟು, ಪಾತ್ರೆಯಲ್ಲಿ ನೀರು ತುಂಬಿಸಲಿ. ದನಗಳು ಮುಟ್ಟದ ಹಾಗೆ ಮುಳ್ಳು ಹಾಕಲಿ. ವಾರದ ಕಡೆಯಲ್ಲಿ ಎರಡನ್ನೂ ಅಳೆಯಲಿ. ಪಾತ್ರೆಯಲ್ಲಿ ಕಡಿಮೆಯಾದದ್ದು ಬಿಸಿಲು ಕುಡಿದದ್ದು. ಕೆರೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಕಡಿಮೆಯಾದದ್ದು ಇಂಗಿದ್ದು, ಇಲ್ಲವೆ ಜನರೂ ದನಗಳೂ ಒಯ್ದದ್ದು. ಆ ಹೆಚ್ಚು ಬಹಳವಾದರೆ ಒಡ್ಡಿನಲ್ಲಿ ಎಲ್ಲಿಯಾದರೂ ಸೋರಿಕೆ ಇದೆಯೋ ಎಂದು ನೋಡಬೇಕು.

ಇಷ್ಟನ್ನು ಕಲಿತ ಮೇಲೆ ಮಳೆಗಾಲದ ಮೊದಲು ಊರಿನವರೆಲ್ಲರ ಸಂಗಡ ಕೂಡಿ ಮೂರು ಕೆಲಸ ಮಾಡೋಣ. ಮೇಲಿನ ಹಳ್ಳದಲ್ಲಿ ನಡೆದು ಹೋಗಿ ನೀರು ಬರುವ ದಾರಿ ತೆರೆದಿದೆಯೋ ನೋಡೋಣ. ಒಡ್ಡಿನಲ್ಲಿ ಇಲಿ ಏಡಿಗಳ ತೂತುಗಳಿದ್ದರೆ ಮುಚ್ಚೋಣ. ಕೋಡಿಯಲ್ಲಿ ಬೆಳೆದ ಮುಳ್ಳುಕಂಟಿಗಳನ್ನು ಕಡಿಯೋಣ. ಕೆರೆಯ ನೀರು ಒಂದು ಓಣಿಯವರದ್ದಲ್ಲ, ಒಂದು ಜಾತಿಯವರದ್ದಲ್ಲ. ಅದನ್ನು ಕಾಯುವ ಕೆಲಸವೂ ಹಾಗೆಯೇ ಎಲ್ಲರದು.

ಪ್ರಶ್ನೆಗಳು

1. ಗಲಿಲಾಯ ಸಮುದ್ರದ ನೀರು ಸಿಹಿ, ಲವಣಸಮುದ್ರದ್ದು ಉಪ್ಪು; ಕಾರಣವೇನು?
2. ನಿಮ್ಮ ಊರಿನ ಕೆರೆಗೆ ಎಲ್ಲೆಲ್ಲಿಂದ ನೀರು ಬರುವದು? ಆ ದಾರಿಯಲ್ಲಿ ಅಡ್ಡಿ ಏನಾದರೂ ಉಂಟೋ?
3. ಮೊದಲಿನ ಮಳೆಗೆ ಎರೆಸೀಮೆಯ ಕೆರೆ ತುಂಬದೆ ಇರುವದೇಕೆ?
4. ನೀರು ಹೆಚ್ಚಾದರೂ ಭೂಮಿ ಕೆಡುವದು ಹ್ಯಾಗೆ?
5. ನಿಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಸೋಸಿ ಕಾಸುತ್ತಾರೋ?